ತತ್ತಿ ಹಚ್ಚಿದ ತಲೆ

ನನ್ನ ತಲೆಗೆ ಹಚ್ಚದ ಹೊಲಸು ಈ ಹುಬ್ಬಳ್ಳಿಯಲ್ಲಿ ಯಾವುದೂ ಉಳಿದಿರಲಿಲ್ಲ. ಅರವತ್ತೊಂದನೆಯ ಇಸವಿಯ ಚಳಿಗಾಲದಲ್ಲಿ ನನಗೆ ವಿಷಮಜ್ವರ ಬಂತು. ನಲವತ್ತು ದಿನಕ್ಕೆ ಎದ್ದು ಕೂತಾಗ ಜೀವ ಉಳಿದಿತ್ತು, ಕೂದಲು ಹೋಗಿತ್ತು. ಸೊಂಟ ದಾಟುತ್ತಿದ್ದ ಜಡೆಯ ಜಾಗದಲ್ಲಿ ಇಲಿಬಾಲದಷ್ಟು ಉಳಿದಿತ್ತು, ಅದೂ ತೆಂಗಿನ ನಾರಿನಷ್ಟು ಒರಟು. ಕಮರಿಪೇಟೆಯ ಅರಳೆ ವ್ಯಾಪಾರಿ ನೀಲಕಂಠಪ್ಪನ ಒಬ್ಬಳೇ ಮಗಳು, ಮದುವೆಗೆ ಬಂದವಳು, ತಲೆ ನೋಡಿದರೆ ಹೀಗೆ. ಅವ್ವ ನಾನು ಚಿಕ್ಕವಳಿದ್ದಾಗಲೇ ಲಿಂಗೈಕ್ಯಳಾಗಿದ್ದಳು. ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ಚನ್ನಬಸವ್ವ ಅತ್ತೆ. ನನ್ನ ಕೂದಲು ಮತ್ತೆ ಬರಿಸಿಯೇ ತೀರುತ್ತೇನೆಂದು ಆಕೆ ಹಟ ಹಿಡಿದಳು.

ಮೆಂತ್ಯವನ್ನು ಮೂರು ದಿನ ನೆನೆಸಿ, ನಾತ ಬಿಟ್ಟ ಮೇಲೆ ಅರೆದು ಹಚ್ಚಿದಳು. ಅದು ಕಿವಿಯ ಹಿಂದಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಸಿಂಬಳದ ಹಾಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಕೈಗೆ ಏಟು. ಆಮೇಲೆ ಲೋಳೆಸರ, ದಾಸವಾಳದ ಎಲೆ, ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗುವ ತನಕ ಇಟ್ಟ ಹುಳಿ ಮಜ್ಜಿಗೆ. ಆ ಮಜ್ಜಿಗೆಯಲ್ಲಿ ಬಿದ್ದ ನೊಣವನ್ನು ಬೆರಳಿನಿಂದ ತೆಗೆದು ಎಸೆದು, ಉಳಿದದ್ದನ್ನು ಅದೇ ಬೆರಳಿನಿಂದ ನನ್ನ ನೆತ್ತಿಗೆ ತಿಕ್ಕಿದಳು. ಮೇಲೆ ಹರಳೆಣ್ಣೆ. ರಾತ್ರಿ ಮಲಗಿದರೆ ದಿಂಬಿಗೆ ಇರುವೆ ಮುತ್ತುತ್ತಿದ್ದವು. ನನಗೆ ಊಟ ಸೇರುತ್ತಿರಲಿಲ್ಲ. ಅನ್ನಕ್ಕೆ ಕೈ ಹಾಕಿದರೂ ಮೆಂತ್ಯದ ಲೋಳೆಯೇ ನೆನಪಾಗುತ್ತಿತ್ತು.

ಇಷ್ಟೆಲ್ಲ ಯಾಕೆಂದರೆ ನಮ್ಮಲ್ಲಿ ಹುಡುಗಿ ನೋಡಲು ಬಂದ ಹೆಂಗಸರು ಜಡೆ ಬಿಚ್ಚಿಸಿ ನೋಡದೆ ಬಿಡುವುದಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರಿಗಾದರೂ ಒಂದಿಷ್ಟು ಮರ್ಯಾದೆ ಇರುತ್ತದೆ. ಮೊದಲು ಗದಗಿನಿಂದ ಬಂದವರು ಜಡೆ ಜಗ್ಗಿದಾಗ ಅತ್ತೆ ಸೇರಿಸಿ ಹೆಣೆದಿದ್ದ ಚವರಿ ಅವರ ಕೈಗೆ ಕಿತ್ತು ಬಂತು. ಎರಡನೆಯವರು ನನ್ನ ತಲೆ ಮೂಸಿ, ‘ಹುಡುಗಿ ಹುಳಿ ಮಜ್ಜಿಗಿ ನಾರತಾಳ’ ಎಂದು ಚಹಾ ಸಹ ಕುಡಿಯದೆ ಎದ್ದರು.

ಮೂರನೆಯದು ಧಾರವಾಡದ ಸಂಬಂಧ. ಹುಡುಗ ಸಾಲಿ ಮಾಸ್ತರ. ಫೋಟೋದಲ್ಲಿ ನಗು ತಡೆದುಕೊಂಡು ನಿಂತಂತಿದ್ದ. ಸುಳ್ಳೇಕೆ ಹೇಳಲಿ, ನನಗೆ ಅವನು ಬೇಕಾಗಿದ್ದ. ಇದೂ ತಪ್ಪಿದರೆ ಬೀಳಗಿಯ ಎರಡನೇ ಸಂಬಂಧದ ಮುದುಕನಿಗೆ ಕೊಡುವುದೆಂದು ಅಪ್ಪ ಮಾತಾಡುವುದನ್ನು ನನ್ನ ಕಿವಿಯಾರೆ ಕೇಳಿದ್ದೆ.

ನಮ್ಮ ಹಿತ್ತಲ ಗೋಡೆಯಾಚೆ ಮೈಮುನಾ ಇದ್ದಳು. ಕೋಳಿ ಸಾಕಿದ್ದಳು. ಐವತ್ತು ದಾಟಿದರೂ ಆಕೆಯ ಕೂದಲು ರೇಷ್ಮೆ. ನಾನು ಜ್ವರದಲ್ಲಿ ಮಲಗಿದ್ದಾಗ ದಿನಾ ಗೋಡೆಯ ಹತ್ತಿರ ನಿಂತು, ‘ಬೇಟಿ ಹ್ಯಾಂಗದಾಳ್ರಿ ಅಕ್ಕಾರ?’ ಎಂದು ಕೇಳುತ್ತಿದ್ದಳು. ಅತ್ತೆ ಎಂದೂ ಸರಿಯಾಗಿ ಉತ್ತರ ಕೊಟ್ಟವಳಲ್ಲ. ಅಂಥವಳು ಧಾರವಾಡದವರು ಬರುವ ದಿನ ಬೆಳಗಾಗುತ್ತಲೇ ತಾನೇ ಗೋಡೆಯ ಹತ್ತಿರ ಹೋಗಿ ದನಿ ಇಳಿಸಿ ಮಾತಾಡಿದಳು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಗೋಡೆ ದಾಟಿ ಬಂತು. ಮೊಸರಿನಲ್ಲಿ ನಾಲ್ಕು ತತ್ತಿ ಒಡೆದು ಕದಡಿದ್ದು.

‘ತಣ್ಣೀರಾಗ ತೊಳೀರಿ ಅಕ್ಕಾರ,’ ಎಂದಳು ಮೈಮುನಾ. ‘ಬಿಸಿನೀರ ಬ್ಯಾಡ್ರಿ.’

‘ಜ್ವರದಿಂದ ಎದ್ದ ಹುಡುಗಿಗೆ ತಣ್ಣೀರ ಹಾಕಂತಾಳ,’ ಎಂದು ಅತ್ತೆ ಒಳಗೆ ಬಂದು ಗೊಣಗಿದಳು. ‘ಇಕೀಗೇನ ಗೊತ್ತು.’

ಉಳ್ಳಾಗಡ್ಡಿ ಹೆಚ್ಚಿದ ದಿನ ದೇವರ ಮನೆಯ ಹೊಸ್ತಿಲು ದಾಟದ ಹೆಂಗಸು ನಮ್ಮತ್ತೆ. ಬಚ್ಚಲ ಬಾಗಿಲು ಹಾಕಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಎರಡು ಸುತ್ತು ಮುಚ್ಚಿ, ಮುಖ ಆಚೆ ತಿರುಗಿಸಿ, ತೆಂಗಿನ ಸಿಪ್ಪೆಯಿಂದ ಆ ಲೋಳೆಯನ್ನು ನನ್ನ ತಲೆಗೆ ಬಳಿದಳು. ಹಸಿ ತತ್ತಿಯ ವಾಸನೆ ಮೂಗಿಗೆ ಹೊಡೆದು ನನಗೆ ಎರಡು ಸಲ ಓಕರಿಕೆ ಬಂತು. ‘ಸುಮ್ಮ ಕುಂದ್ರು, ನಿಮ್ಮಪ್ಪಗ ಗೊತ್ತಾದ್ರ ಇಬ್ಬರನ್ನೂ ಹೊರಗ ಹಾಕ್ತಾನ,’ ಎಂದಳು. ಅರ್ಧ ತಾಸಾದ ಮೇಲೆ ಹಂಡೆಯಿಂದ ಕುದಿಕುದಿ ನೀರು ತುಂಬಿ ತಲೆಯ ಮೇಲೆ ಸುರಿದಳು.

ಬಿಸಿ ತಾಗಿದರೆ ತತ್ತಿ ಗಟ್ಟಿಯಾಗುತ್ತದೆಂದು ನಮಗೆ ಹೇಗೆ ತಿಳಿಯಬೇಕು? ನಮ್ಮ ಮನೆತನದಲ್ಲಿ ಯಾರೂ ತತ್ತಿ ಬೇಯಿಸಿದವರಲ್ಲ. ಅದು ನನ್ನ ತಲೆಯಲ್ಲೇ ಬೆಂದಿತು. ಕೂದಲ ಎಳೆಎಳೆಗೂ ಬಿಳಿ ಬಿಳಿ ತುಣುಕು ಕಚ್ಚಿಕೊಂಡವು. ಬಾಚಣಿಗೆ ಹಾಕಿದರೆ ಇನ್ನೂ ಒಳಗೆ ಸೇರಿದವು. ಅತ್ತೆ ಸೀಗೆಕಾಯಿ ಪುಡಿ ಸುರಿದು ಮತ್ತೆ ಬಿಸಿನೀರೇ ಹಾಕಿದಳು. ಅಷ್ಟರಲ್ಲಿ ಮುಂಬಾಗಿಲಲ್ಲಿ ಟಾಂಗಾ ನಿಂತ ಸದ್ದಾಯಿತು. ಒದ್ದೆ ತಲೆಗೆ ಲೋಬಾನದ ಹೊಗೆ ಕೊಟ್ಟು, ಬಿಗಿಯಾಗಿ ಹೆಣೆದು, ಒಂದು ಮೊಳದ ಜಾಗದಲ್ಲಿ ಮೂರು ಮೊಳ ಮಲ್ಲಿಗೆ ಸುತ್ತಿ ನನ್ನನ್ನು ಪಡಸಾಲೆಗೆ ದೂಡಿದಳು.

ಹುಡುಗ ಫೋಟೋದಲ್ಲಿದ್ದುದಕ್ಕಿಂತ ಚೆನ್ನಾಗಿದ್ದ. ಪಕ್ಕದಲ್ಲಿದ್ದ ಅವನ ಸೋದರಮಾವ ಮೂಗು ಮೇಲೆ ಮಾಡಿ ಆಚೀಚೆ ನೋಡಿದ.

‘ಏನೋ ನಾತಾ ಬರಾಕತ್ತೈತಲ್ರಿ?’

‘ಗಟಾರದ್ದಿರಬೇಕ್ರಿ,’ ಎಂದ ಅಪ್ಪ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಹುಡುಗನ ತಾಯಿ ಶಿವಬಸವ್ವ ನನ್ನನ್ನು ಒಳಕೋಣೆಗೆ ಕರೆದೊಯ್ದು ಜಡೆ ಬಿಚ್ಚಿದಳು. ಒಂದು ಬಿಳಿ ತುಣುಕನ್ನು ಉಗುರಿನಿಂದ ಕಿತ್ತು ಮೂಸಿದಳು. ‘ಬಿಸಿನೀರ ಹಾಕೀರೇನ್ರಿ? ತತ್ತಿ ಹಚ್ಚಿದ್ರ ತಣ್ಣೀರಾಗ ತೊಳೀಬೇಕ…’ ಎಂದವಳು ಅಲ್ಲಿಗೇ ತುಟಿ ಕಚ್ಚಿಕೊಂಡಳು. ಹಣೆಯ ತುಂಬ ವಿಭೂತಿ, ಅರವತ್ತರ ವಯಸ್ಸಿನಲ್ಲೂ ಮಿರಿಮಿರಿ ಮಿಂಚುವ ದಪ್ಪ ತುರುಬು. ಬೆನ್ನಿಗೇ ಒಳಗೆ ಬಂದಿದ್ದ ಅತ್ತೆ ಆ ತುರುಬನ್ನು ನೋಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಮಾತೂ ಆಡದೆ ಅವರ ನಡುವೆ ರಾಜಿಯಾಯಿತು. ಶಿವಬಸವ್ವ ಪಳಗಿದ ಬೆರಳುಗಳಿಂದ ತುಣುಕು ಕೀಳತೊಡಗಿದಳು.

‘ಏನಂತ್ರಿ ಅದು ನಾತ?’ ಹೊರಗಿನಿಂದ ಸೋದರಮಾವ ಮತ್ತೆ ಕೂಗಿದ. ಗಂಡಸರಿಗೆ ಏನಾದರೂ ಒಂದು ಹೇಳಲೇಬೇಕಾಗಿತ್ತು.

ಆ ಹೊತ್ತಿಗೇ ಮೈಮುನಾ ಬಟ್ಟಲು ಒಯ್ಯಲು ಒಳಕೋಣೆಯ ಹಿತ್ತಲ ಬಾಗಿಲಿಗೆ ಬಂದಳು. ಅತ್ತೆ ಪಡಸಾಲೆಗೆ ಕೇಳುವಂತೆ ಕಿರುಚಿದಳು, ‘ಇಕೀನ ನೋಡ್ರಿ! ಬರೇ ಮಸರಂತ ಹೇಳಿ ತತ್ತಿ ಕಲಸಿ ಕೊಟ್ಟಾಳ! ನಮ್ಮ ಮನಿ ಹೊಲಸ ಮಾಡಿದ್ಲು!’

ಅಪ್ಪ ಓಡಿ ಬಂದ. ಅವನ ಬೆನ್ನ ಹಿಂದೆ ಹುಡುಗನೂ ಬಂದು ನಿಂತ.

‘ಖರೇ ಹೇಳು ದಾನವ್ವಾ. ನಿನಗ ಗೊತ್ತಿತ್ತೇನು?’ ಎಂದು ಅಪ್ಪ ನನ್ನ ಕಡೆ ತಿರುಗಿದ.

ಮೈಮುನಾ ನನ್ನನ್ನೇ ನೋಡುತ್ತಿದ್ದಳು. ನಾನು ಹುಡುಗನ ಕಡೆ ನೋಡಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

‘ಇಲ್ರಿ ಸಾವಕಾರ್ರ, ಬೇಟಿಗೇನೂ ಗೊತ್ತಿಲ್ರಿ,’ ಎಂದಳು ಮೈಮುನಾ. ‘ನಾನ ಹೇಳದ ಹಾಕಿದ್ದೆ. ನನ್ನ ತಪ್ಪಾತು.’

ಅಪ್ಪ ಬಟ್ಟಲನ್ನು ಹಿತ್ತಲಿಗೆ ಎಸೆದ. ಆಕೆ ಬಾಗಿ ಎತ್ತಿಕೊಂಡು, ಮಣ್ಣು ಒರೆಸಿಕೊಂಡು ಹೋದಳು. ಇಷ್ಟು ತಿಂಗಳು ಲೋಳೆಗೆ, ನಾತಕ್ಕೆ ಹೇಸಿದ್ದೆ. ಅವತ್ತು ನನಗೆ ನನ್ನನ್ನು ಕಂಡೇ ಹೇಸಿಕೆಯಾಯಿತು.

‘ಹೋಗ್ಲಿ ಬಿಡ್ರಿ, ಹುಡುಗೀದೇನ ತಪ್ಪು?’ ಎಂದಳು ಶಿವಬಸವ್ವ. ‘ಅಂಥಾ ಮಂದೀನ ಬಾಗಿಲದಾಗ ನಿಲ್ಲಸಬಾರದು. ನಮಗ ಒಪ್ಪಿಗಿ ಐತ್ರಿ.’ ಕೈ ತೊಳೆಯಲಿಲ್ಲ, ಸೆರಗಿಗೆ ಒರೆಸಿಕೊಂಡಳು. ಅತ್ತೆ ಹಿಡಿದ ತಟ್ಟೆಯಿಂದ ಚಿಟಿಕೆ ಸಕ್ಕರೆ ತೆಗೆದು ನನ್ನ ಗದ್ದ ಎತ್ತಿದಳು. ಆಕೆಯ ಹೆಬ್ಬೆರಳಿನ ಉಗುರ ಸಂದಿಯಲ್ಲಿ ಬೆಂದ ತತ್ತಿಯ ಬಿಳಿ ಎಳೆ ಇನ್ನೂ ಇತ್ತು.

‘ಬಾಯಿ ತಗಿಯವಾ,’ ಎಂದಳು.

ತೆರೆದೆ. ಹುಡುಗ ನೋಡುತ್ತಿದ್ದ. ನುಂಗಿದೆ.