ಖಾಲಿ ಹೊಡೆದ ಬಂದೂಕು

ಅನುಜಾ ಏರ್ ರೈಫಲ್ಲಿನ ನಳಿಗೆ ಹಿಡಿದು ಕೆಳಗೆ ಬಾಗಿಸಿದಳು. ಒಳಗೆ ಕರಕರ ಅಂದಿತೇ ಹೊರತು ಸ್ಪ್ರಿಂಗು ಕಚ್ಚಿ ನಿಲ್ಲಲಿಲ್ಲ. ಬರುವ ರವಿವಾರ ಜಿಲ್ಲಾ ತಂಡದ ಆಯ್ಕೆ. ವರ್ಷವಿಡೀ ಕಾಗದದ ಗುರಿಯ ಮುಂದೆ ನಿಂತು ಹೆಗಲು ನೋಯಿಸಿಕೊಂಡದ್ದೆಲ್ಲ ನೀರುಪಾಲಾಯಿತಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

“ಕಾಕಾ! ಯಾರ್ನ ಕೇಳಿ ಒಯ್ದಿ ಇದನ್ನ?”

ಅವಳ ಅಪ್ಪನ ತಮ್ಮ ಬಾಪುಸಾಹೇಬ ಖಾಸಬಾಗದ ತಮ್ಮ ಮನೆಯ ಹೊರಗಟ್ಟೆಯ ಮೇಲೆ ಮುದುಡಿ ಕೂತಿದ್ದ. “ನೀ ಕಾಲೇಜಿಗೆ ಹೋಗಿದ್ದಿ, ಅನೂ. ಖಾನಾಪುರದ ಹೊಲದಾಗ ಮಂಗ್ಯಾ ಬಂದು ಗೊಂಜಾಳದ ತೆನಿ ಎಲ್ಲಾ ಮುರದ ಒಗ್ಯಾಕತ್ತಿದ್ದೂ. ಬರೇ ಅಂಜಸೂಣು ಅಂತ...”

“ಅಂಜಸಾಕ ಪಟಾಕಿ ಸಿಗಲಿಲ್ಲೇನು ನಿನಗ?”

ಅಂಜಿಸಿದ್ದಷ್ಟೇ ಆಗಿದ್ದರೆ ಹೇಗೋ ನುಂಗಬಹುದಿತ್ತು. ಆದರೆ ನಿನ್ನೆ ಕಾಕಾ ಮನೆ ಮುಟ್ಟುವ ಮೊದಲೇ ಬಾಜು ಹೊಲದ ಬಾಳಾಸಾಹೇಬನ ಫೋನು ಬಂದಿತ್ತು. ನಿಮ್ಮ ಬದುವಿನಲ್ಲಿ ಮಂಗವೊಂದು ಸತ್ತುಬಿದ್ದಿದೆ, ನಿಮ್ಮ ಬಾಪುವಿನ ಕೈಯಲ್ಲಿ ಬಂದೂಕಿತ್ತು, ನೋಡಿಕೊಳ್ಳಿ ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿ ಇಟ್ಟಿದ್ದ. ಫೋನು ಎತ್ತಿದವಳು ಬೇರೆ ಯಾರೂ ಅಲ್ಲ, ಚಂಪಾಬಾಯಿ. ಬಾಪುಸಾಹೇಬನ ತಾಯಿ, ಅನುಜಾಳ ಅಜ್ಜಿ. ಮನೆಮಂದಿಗೆಲ್ಲ ಆಯಿ.

ಈ ರೈಫಲ್ ಮನೆಗೆ ಬಂದ ದಿನ ಆಯಿ ಅದನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದ್ದಳು. ಮೊಮ್ಮಗಳನ್ನು ಬಸದಿಗೆ ಕರೆದೊಯ್ದು, ಕಾಗದ ಬಿಟ್ಟು ಬೇರೆ ಯಾವುದಕ್ಕೂ ಗುರಿ ಹಿಡಿಯುವುದಿಲ್ಲ ಎಂದು ಸ್ವಾಮಿಯ ಮುಂದೆ ಆಣೆ ಮಾಡಿಸಿದ ಮೇಲೆಯೇ ಒಳಗೆ ಬಿಟ್ಟಿದ್ದು. ಈಗ ಒಂದೇ ಮಾತು ಹಿಡಿದು ಕೂತಿದ್ದಳು: “ಜೀವಾ ತಗದಿದ್ರ ಆ ಬಂದೂಕೂ ಈ ಮನ್ಯಾಗ ಬ್ಯಾಡ, ಅಂವನೂ ಬ್ಯಾಡ.”

“ಖಾಲಿ ಹೊಡದೀನಿ ಆಯಿ, ಬರೇ ಸಪ್ಪಳಾ. ಮಂಗ್ಯಾ ಕರೆಂಟಿನ ತಂತಿ ಹಿಡದು ಸತ್ತೈತಿ,” ಎಂದು ಬಾಪುಸಾಹೇಬ ನಿನ್ನೆಯಿಂದ ಬಡಕೊಳ್ಳುತ್ತಿದ್ದ. ಯಾರೂ ನಂಬಿರಲಿಲ್ಲ. ಅನುಜಾ ಅಂತೂ ಮೊದಲೇ ನಂಬಿರಲಿಲ್ಲ. ಆಯಿ ಅವನಿಗೆ ತಾಟು ಹಾಕಿರಲಿಲ್ಲ, ಅವನೂ ಹೊರಗೆ ಹೋಗಿ ಏನೂ ತಿಂದಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವವರಲ್ಲ. ಹಿತ್ತಲ ಗೋಡೆಯ ಮೇಲೆ ಆಗಲೇ ಬಿಸಿಲು ಕೆಂಪಗಾಗಿತ್ತು.

ಅನುಜಾ ಹಲ್ಲು ಕಡಿಯುತ್ತ ಪಡಸಾಲೆಯಲ್ಲಿ ಹಳೆಯ ಚಾದರ ಹಾಸಿದಳು. ಏನು ಕೆಟ್ಟಿದೆ ನೋಡೋಣವೆಂದು ರೈಫಲ್ಲಿನ ತಿರುಪುಗಳನ್ನು ಬಿಚ್ಚಿ ಹಿಡಿಕೆಯ ಕಟ್ಟಿಗೆ ಬೇರೆ ಮಾಡಿದಳು, ಬೆರಳಿನಿಂದ ಎಳೆಯುವ ಕುದುರೆಯ ಭಾಗವನ್ನೂ ಕಳಚಿದಳು. ಇನ್ನುಳಿದದ್ದು ಕಷ್ಟದ ಕೆಲಸ. ಒಳಗಿನ ಸ್ಪ್ರಿಂಗನ್ನು ಹಿಂದಿನ ಮುಚ್ಚಳ ಅದುಮಿ ಹಿಡಿದಿರುತ್ತದೆ; ಒತ್ತಿ ಹಿಡಿಯದೆ ಅದರ ಪಿನ್ನು ಎಳೆದರೆ ಮುಚ್ಚಳ ಸಿಡಿದು ಹಲ್ಲೇ ಉದುರಿಸೀತು. ಬಡಿಗನಿಂದ ತಂದ ಉದ್ದನೆಯ ಕ್ಲಾಂಪಿಗೆ ಕೊಳವೆಯನ್ನು ಬಿಗಿದಳು. ಪಿನ್ನು ತೆಗೆಯಲು ಇನ್ನೊಂದು ಕೈ ಬೇಕೇಬೇಕಾಯಿತು.

“ಬಾ ಇಲ್ಲೆ. ಗಟ್ಟಿ ಹಿಡಿ. ಮಾರಿ ಆ ಕಡಿ ಮಾಡು.”

ಬಾಪುಸಾಹೇಬ ತೆಪ್ಪಗೆ ಬಂದು ಹಿಡಿದ. ಅನುಜಾ ಪಿನ್ನು ಹೊಡೆದು ಹೊರಗೆ ಹಾಕಿ, ಕ್ಲಾಂಪನ್ನು ಸುತ್ತು ಸುತ್ತಾಗಿ ಸಡಿಲಿಸುತ್ತ ಹೋದಳು. ಕೈಗೆ ಒದೆಯಬೇಕಾದ ಸ್ಪ್ರಿಂಗು ಸತ್ತಂತೆ ಸುಮ್ಮನೆ ಹಿಂದೆ ಸರಿಯಿತು. ಎಳೆದರೆ ಅರ್ಧ ಬಂತು. ಕೊಳವೆ ಬಗ್ಗಿಸಿ ಕುಟ್ಟಿದರೆ ಉಳಿದರ್ಧ ಬಂತು.

“ಅಯ್ಯೋ ನಿನ್ನ!” ಎಂದು ತುಂಡುಗಳನ್ನು ಚಾದರದ ಮೇಲೆ ಎಸೆದಳು.

ಹಿಂದೆಯೇ ಪಿಸ್ಟನ್ನು ಬಂತು, ಅದರ ಜೊತೆಗೆ ಸುಟ್ಟ ಎಣ್ಣೆಯ ಕಮಟು ವಾಸನೆ. ಪಿಸ್ಟನ್ನಿನ ತಲೆಯ ಮೇಲಿನ ಸೀಲು ಜಜ್ಜಿ ಚೂರುಚೂರಾಗಿತ್ತು. ಅನುಜಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಗುಂಡು ಹಾಕಿ ಹೊಡೆದರೆ ಪಿಸ್ಟನ್ನಿನ ಮುಂದೆ ಗಾಳಿ ಮೆತ್ತೆಯ ಹಾಗೆ ನಿಂತು ಹೊಡೆತ ತಡೆಯುತ್ತದೆ. ಖಾಲಿ ಹೊಡೆದರೆ ಗಾಳಿ ನಿಲ್ಲುವುದಿಲ್ಲ, ಪಿಸ್ಟನ್ನು ನೇರ ಹೋಗಿ ಕಬ್ಬಿಣಕ್ಕೆ ಅಪ್ಪಳಿಸುತ್ತದೆ. ಖಾಲಿ ಹೊಡೆಯಬೇಡ ಎಂದು ಅವಳ ಕೋಚು ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದರು. ಈ ಮಹಾನುಭಾವ ಖಾಲಿಯನ್ನೇ ಹೊಡೆದೂ ಹೊಡೆದೂ ಇಟ್ಟಿದ್ದ.

“ಎಣ್ಣಿ ಯಾಕ ಹಾಕಿದಿ?”

“ಹೊಲದ ಮನ್ಯಾಗ ಶೇಂಗಾ ಎಣ್ಣಿ ಇತ್ತು. ಹಾಕಿದ್ರ ಢಂ ಅಂತ ಜೋರ್ ಸಪ್ಪಳಾ ಬರ್ತಿತ್ತು. ಮಂಗ್ಯಾ ಓಡ್ತಿದ್ದೂ.”

ಅನುಜಾಳಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಸುಮ್ಮನಿದ್ದು ಇನ್ನೊಂದು ರಾತ್ರಿ ಈ ಮನುಷ್ಯನನ್ನು ಉಪವಾಸ ಕೆಡವಬೇಕು ಅನ್ನಿಸಿತು, ಖರೇನೇ ಅನ್ನಿಸಿತು. ತನ್ನ ರವಿವಾರ ನುಂಗಿದವನನ್ನು ತನ್ನ ಬಾಯಿಂದಲೇ ಬಿಡಿಸಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೂ ಪಿಸ್ಟನ್ನು ಹಿಡಿದು ದಡದಡ ಅಡುಗೆಮನೆಗೆ ನಡೆದಳು.

“ಆಯಿ, ನೋಡಿಲ್ಲೆ. ಗುಂಡ ಹಾಕಿದ್ರ ಇದು ಹಿಂಗ ಜಜ್ಜತಿರಲಿಲ್ಲ. ಕಾಕಾ ಖರೇ ಖಾಲಿ ಹೊಡದಾನ. ಮಂಗ್ಯಾನ ಕೊಂದಿಲ್ಲ, ನನ್ನ ಬಂದೂಕ ಕೊಂದಾನ!”

ಚಂಪಾಬಾಯಿ ಪಿಸ್ಟನ್ನನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದಳು. ಮೊಮ್ಮಗಳ ಉರಿಯುವ ಮುಖವನ್ನೂ ನೋಡಿದಳು. ಕಾಕಾನನ್ನು ಉಳಿಸಲು ಸುಳ್ಳು ಹೇಳುವ ಮುಖ ಅದಾಗಿರಲಿಲ್ಲ. ಕಿಟಕಿಯಾಚೆ ಸೂರ್ಯ ಇನ್ನೂ ಚೂರು ಉಳಿದಿದ್ದ.

“ಬಾಪೂ, ಬಾರೋ, ಲಗೂನ ಕುಂದ್ರು,” ಎಂದು ತಾಟು ಹಾಕಿದಳು.

ಬಾಪುಸಾಹೇಬ ತಲೆ ತಗ್ಗಿಸಿ ಉಣ್ಣತೊಡಗಿದ. ಅನುಜಾ ಬಾಗಿಲಲ್ಲೇ ನಿಂತಿದ್ದಳು. ಅವಳ ಸಿಟ್ಟು ಕೂದಲಷ್ಟೂ ಇಳಿದಿರಲಿಲ್ಲ.

“ಒಂದೊಂದು ಗುಂಡ ಹಾಕಿ ಮುಗಿಲಿಗೆ ಹೊಡದಿದ್ರೂ ನನ್ನ ಬಂದೂಕ ಉಳೀತಿತ್ತಲ್ಲ ಕಾಕಾ! ಮುಗಿಲಿಗೆ! ಅದೂ ತಿಳೀಲಿಲ್ಲೇನು ನಿನಗ?”

ಅವನು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ನಿಲ್ಲಿಸಿದ.

“ತಿಳದಿತ್ತು. ಮ್ಯಾಲ ಹಕ್ಕಿ ಹೊಂಟಿದ್ರ?”

ಅನುಜಾ ಅವನ ತಾಟಿನ ಬಾಜು ನೀರಿನ ತಂಬಿಗೆ ತಂದಿಟ್ಟಳು. ಆಯಿ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.