ಬಾಗಿಲು ತೆಗೆಯುವವಳು

ನಿಂಬೆ ಬಾರ್ ಎಂಬ ಸಿಹಿತಿಂಡಿಯನ್ನು ಚೌಕ ಚೌಕವಾಗಿ ಕೊಯ್ಯುತ್ತಿದ್ದ ಸಿಗ್ನೆ ಲುಂಡೆ, ನಾಲ್ಕು ಮೂಲೆಯ ತುಂಡುಗಳನ್ನು ಬೇರೆ ತಟ್ಟೆಗೆ ತೆಗೆದು ಮೇಲೊಂದು ಬಟ್ಟೆ ಮುಚ್ಚಿಟ್ಟಳು. ಎರಡು ಕಡೆಯೂ ಅಂಚು ಗರಿಗರಿಯಾಗಿ, ಒಳಗೆ ಮೆತ್ತಗಿರುವ ಮೂಲೆ ತುಂಡೆಂದರೆ ಅವಳ ಅಪ್ಪನಿಗೆ ಪ್ರಾಣ. ಅಪ್ಪ ತೀರಿಕೊಂಡು ಎರಡು ವರ್ಷವಾಗಿದ್ದರೂ ಮೂಲೆಗಳನ್ನು ಎತ್ತಿಡುವ ಅಭ್ಯಾಸ ಅವಳ ಕೈ ಬಿಟ್ಟಿರಲಿಲ್ಲ.

"ಅದನ್ನ ಯಾರಿಗೇ ಬಚ್ಚಿಡ್ತಿದ್ದೀಯ?" ಎಂದಳು ತೋರಾ ಅತ್ತೆ, ಕಾಫಿ ಹಂಡೆಯ ಮುಚ್ಚಳ ತೆಗೆದು ಇಣುಕುತ್ತ.

"ಯಾರಿಗೂ ಇಲ್ಲ."

"ಜಡ್ಜಮ್ಮ ಬರ್ತಾರಲ್ಲ, ಅವರಿಗೊಂದು ಇಡು."

"ಅವರಿಗೆ ನಡುವಿನ ತುಂಡು ಸಾಕು ಅತ್ತೆ."

ಅತ್ತೆ ನಕ್ಕಳು. ತಮ್ಮನನ್ನು, ಅಂದರೆ ಸಿಗ್ನೆಯ ಅಪ್ಪನನ್ನು, ಅವನು ದೇಶದ ಅಧ್ಯಕ್ಷನಾದ ಮೇಲೂ ಗದರಿಸುತ್ತಿದ್ದ ಹೆಂಗಸು ಅವಳು. "ಇಷ್ಟು ವರ್ಷ ಆದ್ರೂ ನಿನ್ನ ಹೊಟ್ಟೆಯುರಿ ಆರ್ಲಿಲ್ವಲ್ಲೇ."

"ಉರಿಯೋಕೇನಿದೆ? ಅಪ್ಪ ಕೊಟ್ಟ ಕುರ್ಚೀಲಿ ಕೂತು ಅಪ್ಪನ ಕಾನೂನನ್ನೇ ಹೊಡೆದು ಹಾಕಿದೋರು ಅವರು."

"ಆಹಾ, ಕಾನೂನಿನ ಮೇಲೆ ಏನು ಪ್ರೀತಿ. ಆ ಕಾನೂನಲ್ಲಿ ಏನಿತ್ತು, ಹೇಳು ನೋಡೋಣ."

ಸಿಗ್ನೆ ಚಾಕುವಿಗೆ ಅಂಟಿದ್ದ ಹಳದಿಯನ್ನು ಒರೆಸಿದಳು.

ಅದು ಮಾಜಿ ಅಧ್ಯಕ್ಷ ಹಾಲ್ವರ್ ಲುಂಡೆಯ ಹೆಸರಿನಲ್ಲಿ ಅಮೆರಿಕದ ಮಿನೆಸೋಟಾದ ಅವರ ಊರಿನಲ್ಲೇ ಕಟ್ಟಿದ ಗ್ರಂಥಾಲಯ. ಸಭೆಯಿದ್ದಾಗಲೆಲ್ಲ ಚರ್ಚಿನ ಹೆಂಗಸರು ಬಂದು ಕಾಫಿ ತಿಂಡಿ ನೋಡಿಕೊಳ್ಳುತ್ತಿದ್ದರು. ಇವತ್ತಿನ ಸಭೆ ಅಪ್ಪನ ಆಳ್ವಿಕೆಗೆ ಬೆಲೆ ಕಟ್ಟುವುದಕ್ಕೆ. ಅಪ್ಪ ಇಳಿಸಿದ ತೆರಿಗೆಯನ್ನು ಮುಂದೆ ಬಂದವರು ಏರಿಸಿದ್ದರು, ಮಾಡಿದ ಒಪ್ಪಂದಗಳನ್ನು ಮುರಿದಿದ್ದರು. ಉಳಿದದ್ದು ಅವನು ಸುಪ್ರೀಂ ಕೋರ್ಟಿಗೆ ನೇಮಿಸಿದ ಮೂವರು ನ್ಯಾಯಮೂರ್ತಿಗಳು. ಅಲ್ಲಿ ಒಮ್ಮೆ ಕೂತವರನ್ನು ಯಾರೂ ಎಬ್ಬಿಸುವಂತಿಲ್ಲ. ಆದ್ದರಿಂದ ಅಪ್ಪನನ್ನು ಅಳೆಯಲು ಈಗ ಎಲ್ಲರ ಕೈಲಿರುವ ಕೋಲು ಅದೊಂದೇ. ಅದರಲ್ಲೂ ಇವತ್ತು ಬರಲಿರುವ ವರ್ಲೀನ್ ಓಕ್ಸ್.

ಆ ಹೆಸರು ಕೇಳಿದರೆ ಸಿಗ್ನೆಗೆ ನೆನಪಾಗುತ್ತಿದ್ದುದು ಕಪ್ಪು ಕೋಟಲ್ಲ, ಶುಕ್ರವಾರದ ಫೋನು.

ಅಮ್ಮ ಹೋದ ಮೇಲೆ ಸಿಗ್ನೆ ತನ್ನ ಮನೆ ಖಾಲಿ ಮಾಡಿ ಅಪ್ಪನ ಜೊತೆ ಬಂದಿದ್ದಳು. ಪ್ರತಿ ಶುಕ್ರವಾರ ಸಂಜೆ ಅವಳು ಅಡುಗೆ ಮಾಡುವ ಹೊತ್ತಿಗೆ ಓಕ್ಸ್ ಅವರ ಫೋನು ಬರುತ್ತಿತ್ತು. ಅವತ್ತು ವಾಷಿಂಗ್ಟನ್ನಿನಲ್ಲಿ ಒಂಬತ್ತು ಜನ ನ್ಯಾಯಮೂರ್ತಿಗಳು ಒಂದು ಕೋಣೆಯಲ್ಲಿ ಕೂತು ಚರ್ಚೆ ಮಾಡುವ ದಿನ. ಆ ಕೋಣೆಗೆ ಬೇರೆ ಯಾರಿಗೂ ಪ್ರವೇಶವಿಲ್ಲ, ಜವಾನನಿಗೂ ಇಲ್ಲ. ಹೊರಗಿನಿಂದ ಯಾರಾದರೂ ಬಾಗಿಲು ಬಡಿದರೆ ಒಂಬತ್ತರಲ್ಲಿ ಹೊಸಬರು ಯಾರೋ ಅವರೇ ಎದ್ದು ತೆಗೆಯಬೇಕು; ಆಗ ಆ ಹೊಸಬರು ಓಕ್ಸ್. ಯಾರಿಗೋ ಕಾಫಿ ಬಂದಿರುತ್ತದೆ, ಯಾರೋ ಕನ್ನಡಕ ಮರೆತಿರುತ್ತಾರೆ.

"ಏನಮ್ಮಾ, ಇವತ್ತು ಎಷ್ಟು ಸಲ ಬಾಗಿಲು ತೆಗೆದೆ?" ಎಂದು ಅಪ್ಪ ಶುರು ಮಾಡುತ್ತಿದ್ದ. ಆಚೆಯಿಂದ ಏನು ಉತ್ತರ ಬರುತ್ತಿತ್ತೋ, ಅಪ್ಪ ಕೆಮ್ಮು ಬರುವ ತನಕ ನಗುತ್ತಿದ್ದ. ಅವರಿಗಿಂತ ಹೊಸಬರು ಕೋರ್ಟಿಗೆ ಬಂದ ಮೇಲೂ ಆ ಪ್ರಶ್ನೆ ಬದಲಾಗಲಿಲ್ಲ. ಮೊಕದ್ದಮೆಗಳ ಮಾತು ಎಂದೂ ಇರಲಿಲ್ಲ, ಬರೀ ನಗು. ಒಲೆಯ ಮುಂದೆ ನಿಂತ ಸಿಗ್ನೆ ಅದನ್ನು ಕೇಳಿಸಿಕೊಳ್ಳುತ್ತ ಆಲೂಗಡ್ಡೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಸುಕುತ್ತಿದ್ದಳು. ತನ್ನನ್ನು ಅಪ್ಪ ಕರೆಯುತ್ತಿದ್ದದ್ದು "ಸಿಗ್ನೆ, ನನ್ನ ಮಾತ್ರೆ ಎಲ್ಲಿ" ಎಂದೋ, "ಸಿಗ್ನೆ, ಕಿಟಕಿ ಹಾಕು" ಎಂದೋ. 'ಏನಮ್ಮಾ' ಎಂದು ಅವಳನ್ನು ಎಂದೂ ಕರೆದವನಲ್ಲ.

ಆಮೇಲೆ ಅಪ್ಪನ ಸರೋವರ ಕಾನೂನು ಕೋರ್ಟಿನ ಮೆಟ್ಟಿಲೇರಿತು. ಸರೋವರ ಕೆಡಿಸುತ್ತಾರೆಂಬ ಅನುಮಾನ ಬಂದರೆ ಸರ್ಕಾರದವರು ಯಾರ ಜಾಗಕ್ಕಾದರೂ ಹೇಳದೆ ಕೇಳದೆ ನುಗ್ಗಬಹುದು ಎನ್ನುವ ಕಾನೂನು. ಅಂದಿನಿಂದ ಫೋನು ನಿಂತಿತು. ತೀರ್ಪು ಕೊಡಬೇಕಾದವರು ಕಾನೂನು ಮಾಡಿದವನೊಡನೆ ಮಾತಾಡದಿರುವುದು ಮರ್ಯಾದೆಯೇ ಸರಿ. ಐದಕ್ಕೆ ನಾಲ್ಕರ ಮತದಿಂದ ಕಾನೂನು ಬಿದ್ದುಹೋಯಿತು, ತೀರ್ಪು ಬರೆದದ್ದು ವರ್ಲೀನ್ ಓಕ್ಸ್. ಮತ್ತೆ ಮೊದಲು ಯಾರು ಫೋನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲವೇನೋ, ಯಾರೂ ಮಾಡಲಿಲ್ಲ. ಶುಕ್ರವಾರಗಳು ಸದ್ದಿಲ್ಲದೆ ಕಳೆದವು. ಸಿಗ್ನೆಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಕೊನೆಯ ವರ್ಷ ಅಪ್ಪನಿಗೆ ಮರೆವು ಹತ್ತಿತು. ಒಂದು ಸಂಜೆ ಸಿಗ್ನೆ ಸೂಪು ಕುಡಿಸುತ್ತಿದ್ದಾಗ ಅವಳ ಮುಖವನ್ನು ಕಣ್ತುಂಬ ನೋಡಿ ಅಪ್ಪ ಕೇಳಿದ, "ಏನಮ್ಮಾ, ಇವತ್ತು ಎಷ್ಟು ಸಲ ಬಾಗಿಲು ತೆಗೆದೆ?"

ಅವಳ ಕೈಲಿದ್ದ ಚಮಚ ನಿಂತಿತು. ಆಮೇಲೆ, "ಮೂರು ಸಲ" ಎಂದಳು.

ಅಪ್ಪ ನಕ್ಕ. ಸ್ವಲ್ಪ ಹೊತ್ತು ಬಿಟ್ಟು ಅವಳ ಮಣಿಕಟ್ಟು ಹಿಡಿದುಕೊಂಡು, "ಬಾಗಿಲು ಬಡೀದೆ ಯಾರೂ ಒಳಗೆ ಬರಬಾರದು ಅಂದೆಯಲ್ಲ, ಅದು ಸರಿ ಕಣಮ್ಮ. ನಾನು ಅವಸರ ಮಾಡಿದೆ. ಅಷ್ಟು ವರ್ಷದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅಂದ್ರೆ ನಿನ್ನ ಅಲ್ಲಿ ಕೂರಿಸಿದ್ದು" ಎಂದ.

ಸಿಗ್ನೆ ಅವನ ಗಲ್ಲ ಒರೆಸಿದಳು. ಬಟ್ಟಲು ತೊಳೆಯುವಾಗ ಅಳು ಬಂತು. ಆ ಮಾತನ್ನು ಅತ್ತೆಗೂ ಹೇಳಲಿಲ್ಲ. ಅಪ್ಪ ಕೊಟ್ಟದ್ದು ಬೇರೆಯವರಿಗೆ, ನಿಜ. ಆದರೆ ಕೈಗೆ ಸಿಕ್ಕಿದ್ದು ತನಗೆ.

ಸಭೆ ಶುರುವಾಯಿತು. ಕುರ್ಚಿಗಳೆಲ್ಲ ತುಂಬಿದ್ದವು. ವೇದಿಕೆಯ ಮೇಲೆ ಅಪ್ಪನ ಬಗ್ಗೆ ಪುಸ್ತಕ ಬರೆಯುತ್ತಿದ್ದ ಪ್ರೊಫೆಸರ್ ಡೆಸ್ಮಂಡ್ ಪೆಲ್, ಪಕ್ಕದಲ್ಲಿ ಬೂದುಬಣ್ಣದ ಉಡುಪಿನಲ್ಲಿ ವರ್ಲೀನ್ ಓಕ್ಸ್. ತಲೆಯೆಲ್ಲ ಬೆಳ್ಳಗಾಗಿತ್ತು.

"ಮೂವರನ್ನ ನೇಮಿಸಿದ್ರು," ಎಂದರು ಪೆಲ್. "ಇಬ್ಬರು ಸಾಧಾರಣ, ಅವರು ಬರೆದ ಸಾಲು ಯಾರಿಗೂ ನೆನಪಿಲ್ಲ. ಮೂರನೆಯವರು ದೊಡ್ಡವರು, ಇಲ್ಲೇ ಕೂತಿದ್ದಾರೆ. ಆದ್ರೆ ಲುಂಡೆ ಇವರನ್ನ ಆರಿಸಿದ್ದು ನಮ್ಮವರು ಅಂತ. ಇವರು ಅವರ ಕಾನೂನನ್ನೇ ಕೆಡವಿದ್ರು. ಅಂದ್ಮೇಲೆ ಲುಂಡೆಗೆ ಜನರನ್ನ ಅಳೆಯೋಕೆ ಬರ್ತಿರಲಿಲ್ಲ ಅಂತಾನೇ ನಾನು ಬರೀಬೇಕಾಗುತ್ತೆ. ನೀವೇನಂತೀರಿ?"

"ನನ್ನನ್ನ ಆರಿಸಿದ್ದು ಸರೀನಾ ಅಂತ ನನ್ನನ್ನೇ ಕೇಳ್ತೀರಲ್ಲ," ಎಂದರು ಓಕ್ಸ್. "ಈ ಮೊಕದ್ದಮೆ ನಾನು ಕೇಳೋ ಹಾಗಿಲ್ಲ."

ಸಭೆ ನಕ್ಕಿತು. ಪೆಲ್ ಮುಂದಿನ ಸಾಲಿನತ್ತ ತಿರುಗಿದರು. "ಹಾಗಾದ್ರೆ ಕೊನೆವರೆಗೂ ಜೊತೇಲಿದ್ದೋರನ್ನ ಕೇಳೋಣ. ಸಿಗ್ನೆ ಅವರೇ, ನಿಮ್ಮ ತಂದೆ ನ್ಯಾಯಮೂರ್ತಿ ಓಕ್ಸ್ ಅವರನ್ನ ಕ್ಷಮಿಸಿದ್ರಾ?"

ಸಿಗ್ನೆ ಎದ್ದು ನಿಂತಳು. ವರ್ಲೀನ್ ಓಕ್ಸ್ ಅವಳನ್ನೇ ನೋಡುತ್ತಿದ್ದರು, ಡಾಕ್ಟರು ಏನು ಹೇಳುತ್ತಾರೋ ಎಂದು ಕಾಯುವವರ ಹಾಗೆ.

"ಆ ತೀರ್ಪಿನ ಮೇಲೆ ಅಪ್ಪ ಅವರ ಹೆಸರನ್ನ ಒಂದು ಸಲಾನೂ ಎತ್ತಲಿಲ್ಲ," ಎಂದಳು ಸಿಗ್ನೆ.

ಸುಳ್ಳಲ್ಲ. ಅಪ್ಪ 'ನೀನು' ಎಂದಿದ್ದನೇ ಹೊರತು ಹೆಸರು ಹಿಡಿದಿರಲಿಲ್ಲ. ಪೆಲ್ ತಲೆಯಾಡಿಸಿ ಏನೋ ಗುರುತು ಹಾಕಿಕೊಂಡರು. ಓಕ್ಸ್ ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಇಷ್ಟು ವರ್ಷ ಕಾದ ಸುಖ ಸಿಗ್ನೆಗೆ ಸಿಕ್ಕಿತು. ಬಿಸಿ ಕಾಫಿ ಗಟಗಟ ಕುಡಿದಂತೆ ಅದು ಗಂಟಲು ಸುಡುತ್ತಲೇ ಇಳಿಯಿತು.

ಮಾತು ಮುಗಿದು ಜನ ಕಾಫಿಗೆ ಎದ್ದಾಗ ಅವಳು ಅಡುಗೆ ಕೋಣೆಗೆ ಬಂದು ಬಾಗಿಲು ಎಳೆದುಕೊಂಡಳು. ತುಸು ಹೊತ್ತಿಗೆ ಯಾರೋ ಬಡಿದರು.

"ಒಳಗೆ ಬರಬಹುದಾ?" ವರ್ಲೀನ್ ಓಕ್ಸ್.

"ಬನ್ನಿ. ಕಾಫಿ ಆಚೆ ಇದೆ."

"ಕಾಫಿಗೆ ಬಂದಿಲ್ಲ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವರು ಕೇಳಿದ್ದು ಕ್ಷಮಿಸಿದ್ರಾ ಅಂತ. ನೀವು ಹೇಳಿದ್ದು ಹೆಸರೆತ್ತಲಿಲ್ಲ ಅಂತ. ಸಾಕ್ಷಿ ಹೇಳೋರ ಮಾತು ಕೇಳಿ ಕೇಳಿ ಮುದುಕಿಯಾದೋಳು ನಾನು. ಕೇಳಿದ್ದೊಂದು ಹೇಳಿದ್ದೊಂದು ಆದ್ರೆ ಕಿವಿ ನೆಟ್ಟಗಾಗಿಬಿಡುತ್ತೆ."

ಸಿಗ್ನೆ ತೊಳೆದ ಚಾಕುವನ್ನೇ ಮತ್ತೆ ತೊಳೆದಳು. ಇಲ್ಲ ಎಂದುಬಿಡಬಹುದಿತ್ತು. ಆದರೆ ಎದುರಿಗಿದ್ದ ಮುದುಕಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. ಬನ್ನಿ ಎಂದರೂ ಹೊಸ್ತಿಲು ದಾಟಿರಲಿಲ್ಲ.

"ಅಪ್ಪ ನನ್ನನ್ನ ನೀವು ಅಂದ್ಕೊಂಡಿದ್ದ," ಎಂದಳು. "ಸೂಪು ಕುಡಿಸ್ತಿದ್ದೆ." ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ, ಅಪ್ಪ ಹೇಳಿದಂತೆಯೇ, 'ಕಣಮ್ಮ' ಎಂಬುದನ್ನೂ ಬಿಡದೆ ಹೇಳಿದಳು.

ಓಕ್ಸ್ ಒಳಗೆ ಬಂದು ಬಾಗಿಲು ಮುಚ್ಚಿ, ಮೊಟ್ಟೆಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಎಷ್ಟು ಸಲ ಅಂದ್ರಿ, ನನ್ನ ಪರವಾಗಿ?"

"ಮೂರು. ಒಂದು ಕಾಫಿಗೆ, ಎರಡು ಕನ್ನಡಕಕ್ಕೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿದ್ದೆ."

"ಪರವಾಗಿಲ್ಲ, ಸರಿಸುಮಾರು ಅಷ್ಟೇ," ಎಂದು ಓಕ್ಸ್ ಕಣ್ಣೊರೆಸಿಕೊಂಡು ನಕ್ಕರು.

"ಫೋನಲ್ಲಿ ಅಪ್ಪ ನನ್ನ ವಿಷಯ ಏನಾದ್ರೂ..." ಎಂದು ಸಿಗ್ನೆ ಅರ್ಧಕ್ಕೆ ನಿಲ್ಲಿಸಿದಳು.

ಓಕ್ಸ್ ಯೋಚಿಸಿದರು. ಮನಸ್ಸಿಗೆ ಹಿತವಾಗುವ ಮಾತು ಹುಡುಕುವವರ ಯೋಚನೆಯಲ್ಲ ಅದು. "ಇಲ್ಲ. ನಿಮ್ಮ ವಿಷಯ ಮಾತಾಡಿದ್ದು ನೆನಪಿಲ್ಲ. ಆದ್ರೆ ಪ್ರತಿ ಸಲ ಫೋನು ಇಡ್ತಿದ್ದದ್ದು ಒಂದೇ ಥರ. 'ಸಿಗ್ನೆ ಊಟಕ್ಕೆ ಕರೀತಿದಾಳೆ.' ನನ್ನ ಮಾತು ಅರ್ಧದಲ್ಲಿದ್ರೂ ಅಷ್ಟೇ, ಟಕ್ ಅಂತ ಇಟ್ಟುಬಿಡೋರು. ಎಂತೆಂಥ ವಕೀಲರು ನನ್ನ ಮಾತು ಮುಗಿಯೋವರೆಗೆ ಕಾಯ್ತಾರೆ. ಇವರು ನಿಮ್ಮ ಆಲೂಗಡ್ಡೆಗೆ ಎದ್ದು ಹೋಗೋರು. ನಾನು ಒಬ್ಬಳೇ ಅನ್ನ ಕಾಣದೆ ಆಫೀಸಲ್ಲಿ ಕೂತಿರ್ತಿದ್ದೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬರ್ತಿತ್ತು ಗೊತ್ತಾ?"

ಸಿಗ್ನೆ ಆ ಸಿಟ್ಟನ್ನು ಒಂದು ಉಡುಗೊರೆಯ ಹಾಗೆ ತೆಗೆದುಕೊಂಡಳು. ಹೌದು, ಕರೆಯುತ್ತಿದ್ದಳು. ಕೆಲವು ಸಲ ಅಡುಗೆ ಆಗುವ ಮೊದಲೇ ಕರೆದಿದ್ದಳು.

"ಪ್ರೊಫೆಸರ್ ಇನ್ನೂ ಇದ್ದಾರಾ?" ಎಂದು ಕೈ ಒರೆಸಿಕೊಂಡಳು.

"ಇದ್ದಾರೆ, ನಿಂಬೆ ಬಾರ್ ತಿಂತಿದ್ದಾರೆ. ಅವರಿಗೆ ಹೇಳಲೇಬೇಕು ಅಂತೇನಿಲ್ಲ ಸಿಗ್ನೆ. ನನಗೆ ಗೊತ್ತಾಯ್ತಲ್ಲ, ಸಾಕು."

"ನಿಮಗೆ ಸಾಕು. ಅಪ್ಪನಿಗೆ ಸಾಲದು. ಆರಿಸೋಕೆ ಬರದೋನು, ಸೋತ ಮೇಲೆ ಮುನಿಸ್ಕೊಂಡು ಕೂತೋನು ಅಂತ ಬರೆದುಬಿಡ್ತಾರೆ. ನಾನೇ ಬರೆಸಿದ ಹಾಗಾಗುತ್ತೆ."

ಅವಳು ಹೆಜ್ಜೆ ಕೀಳುವಷ್ಟರಲ್ಲಿ ವರ್ಲೀನ್ ಓಕ್ಸ್ ಮಂಡಿ ಹಿಡಿದು ಎದ್ದು, ಅವಳಿಗಿಂತ ಮುಂದೆ ಹೋಗಿ ಬಾಗಿಲು ತೆಗೆದು ಹಿಡಿದರು. ಆಚೆ ತೋರಾ ಅತ್ತೆ ಕೈಯಲ್ಲಿ ಖಾಲಿ ತಟ್ಟೆ ಹಿಡಿದು, ಬಡಿಯಲೆಂದು ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದಳು.

"ಅಭ್ಯಾಸ," ಎಂದರು ಓಕ್ಸ್.

ಸಿಗ್ನೆ ಹೊಸ್ತಿಲು ದಾಟಿದಳು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು.

"ಆ ಬಟ್ಟೆ ಕೆಳಗೆ ಮೂಲೆ ತುಂಡುಗಳಿವೆ. ತಗೊಳ್ಳಿ," ಎಂದಳು. ಮತ್ತೆ ತಡೆಯಲಾರದೆ, "ಒಂದೇ" ಎಂದಳು.