ಅಣ್ಣ ಹಾಕಿದ ಬೇಲಿ

ಅಪ್ಪ ಹೋಗುವಾಗ ಹೊಲವನ್ನು ಅಣ್ಣನಿಗೆ ಬಿಟ್ಟುಹೋದ, ತನ್ನ ಬಾಯನ್ನು ನನಗೆ ಬಿಟ್ಟುಹೋದ. ಅಣ್ಣ ಲಾರಿ ಓಡಿಸುವವನು, ಮಣ್ಣು ಮುಟ್ಟುವವನಲ್ಲ. ಗಂಡ ತೀರಿಕೊಂಡು ನಾನು ತಿರುಗಿ ಬಂದಾಗ ಆ ಇಳಿಜಾರಿನ ಹೊಲವನ್ನು ನನಗೆ ಉಳುವುದಕ್ಕೆ ಕೊಟ್ಟ. ಕೊಡುವಾಗ ಒಂದೇ ಮಾತು ಹೇಳಿದ್ದ: "ಏನ್ ಬೇಕಾದ್ರೂ ಬಿತ್ಕೋ. ಮರ ಮಾತ್ರ ನೆಡಬೇಡ."

ಅದು ಅವನ ಮಾತಲ್ಲ, ಅತ್ತಿಗೆಯ ಮಾತು. ಅವಳ ಭಯ ಸುಳ್ಳೆಂದೂ ನಾನು ಹೇಳುವುದಿಲ್ಲ. ಕಾಳು ಬಿತ್ತಿದವರು ಕೊಯ್ಲು ಮುಗಿಸಿ ಎದ್ದು ಹೋಗುತ್ತಾರೆ, ಮರ ನೆಟ್ಟವರನ್ನು ಎಬ್ಬಿಸುವುದು ಕಷ್ಟ. ನಾಳೆ ನಾನು 'ಇದು ನಾನು ಬೆಳೆಸಿದ್ದು, ಏಳುವುದಿಲ್ಲ' ಎಂದು ಕೂತರೆ ಏನು ಮಾಡುವುದು? ನನ್ನ ಬಾಯಿ ಬಲ್ಲವರಿಗೆ ಆ ಯೋಚನೆ ಬರುವುದು ಸಹಜ.

ಆದರೆ ಮರವಿಲ್ಲದ ಇಳಿಜಾರೆಂದರೆ ತೂತು ಬಿದ್ದ ಕೊಡ. ಪ್ರತಿ ಮಳೆಗೂ ನನ್ನ ಮೇಲ್ಮಣ್ಣು ಕೆಳಗಿನ ಹೊಲದ ಅಜ್ಜಿಯ ಪಾಲಾಗುತ್ತಿತ್ತು. "ನೀನು ಗೊಬ್ಬರ ಹಾಕು, ನಾನು ಬೆಳೆ ತೆಗೀತೀನಿ" ಎಂದು ಅವಳು ನಗುತ್ತಿದ್ದಳು. ಮಣ್ಣು ಮುಗಿದು ಕಲ್ಲು ಇಳಿಯತೊಡಗಿದಾಗ ಅವಳೂ ನಗುವುದನ್ನು ಬಿಟ್ಟಳು. ನನ್ನ ಗುದ್ದಲಿ ಹಾಕಿದಲ್ಲೆಲ್ಲ ಟಣ್ ಎನ್ನುತ್ತಿತ್ತು. ಇನ್ನೆರಡು ವರ್ಷ ಹೀಗೇ ಹೋದರೆ ಅಣ್ಣ ಎಬ್ಬಿಸುವುದೇ ಬೇಡ, ಹೊಲವೇ ನನ್ನನ್ನು ಎಬ್ಬಿಸುತ್ತದೆ ಅನ್ನಿಸಿತು. ಎದ್ದು ಹೋಗಲು ನನಗೆ ಇನ್ನೊಂದು ಜಾಗವಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಅಣ್ಣನಿಗೆ ಹೇಳಿದೆ, "ಮೇಕೆಗಳ ಕಾಟ ತಡೆಯೋಕಾಗ್ತಿಲ್ಲ. ಒಂದು ಬೇಲಿ ಹಾಕ್ಕೊಡು."

"ಬೇಲಿ ತಾನೇ? ಹಾಕೋಣ."

"ನೀನು ಇಟ್ಟಿಗೆ ಇಳಿಸೋ ಶಾಲೆ ಹತ್ರ ಗೊಬ್ಬರದ ಗಿಡ ಸವರ್ತಿದಾರಂತೆ. ಆ ಕೋಲು ತಗೊಂಡ್ ಬಾ. ಪುಕ್ಕಟೆ ಸಿಗತ್ತೆ."

ಪುಕ್ಕಟೆ ಎಂದರೆ ನಮ್ಮಣ್ಣನ ಕಿವಿ ನೆಟ್ಟಗಾಗುತ್ತದೆ. ಮಾರನೆಯ ದಿನವೇ ಲಾರಿ ತುಂಬ ತಂದು ಸುರಿದ. ಆ ಗಿಡದ ಹಸಿ ಕೋಲನ್ನು ನೆಲಕ್ಕೆ ಊರಿದರೆ ಸಾಕು, ತಾನಾಗಿ ಬೇರು ಬಿಡುತ್ತದೆ. ಗುದ್ದಲಿ ಹಿಡಿದವರಿಗೆಲ್ಲ ಇದು ಗೊತ್ತು, ಸ್ಟಿಯರಿಂಗ್ ಹಿಡಿದವನಿಗೆ ಗೊತ್ತಿರಲಿಲ್ಲ. ನಾನು ಸುಳ್ಳು ಹೇಳಲಿಲ್ಲ, ಅವನು ಕೇಳಲಿಲ್ಲ.

ಸುತ್ತ ಊರಿ ಆದ ಮೇಲೆ, ಇಳಿಜಾರಿಗೆ ಅಡ್ಡಲಾಗಿ ನಡುವೆಯೂ ಒಂದು ಸಾಲು ಊರು ಎಂದೆ.

"ಹೊಲದ ನಡುವೆ ಯಾರೇ ಬೇಲಿ ಹಾಕ್ತಾರೆ?"

"ಮೊದಲನೇ ಬೇಲಿ ಹಾರಿದ ಮೇಕೆಗೆ ಇನ್ನೊಂದು ಬೇಡ್ವಾ?"

"ನಿನಗೆ ತಲೆ ನೆಟ್ಟಗಿಲ್ಲ" ಎಂದ. ಆದರೂ ಊರಿದ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡದೆ, ಲಾರಿಯ ಲೋಡಿಗೆ ಹಾಕುವ ಗಂಟಿನಲ್ಲೇ ಅಡ್ಡಕೋಲುಗಳನ್ನು ಬಿಗಿದ. ಆ ಗಂಟು ನಮ್ಮ ಕಡೆ ಅವನೊಬ್ಬನಿಗೇ ಬರುವುದು.

ಆಮೇಲೆ ಅವನಿಗೆ ದೂರದ ಬಾಡಿಗೆಗಳು ಹತ್ತಿದವು. ಎರಡು ಮಳೆಗಾಲ ಹೊಲದ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಕೋಲುಗಳು ಚಿಗುರಿ ನನ್ನ ತಲೆ ಮೀರಿ ಹೋದವು. ಸೊಪ್ಪು ಕಡಿದು ನೆಲಕ್ಕೆ ಹಾಸಿದೆ. ಹರಿದು ಬಂದ ಮಣ್ಣು ನಡುಸಾಲಿನ ಬುಡದಲ್ಲಿ ನಿಂತು ತಾನಾಗಿಯೇ ಬದುವಾಯಿತು. ಗುದ್ದಲಿ ಸದ್ದಿಲ್ಲದೆ ಇಳಿಯತೊಡಗಿತು. ಸವರಿದ ಕೋಲುಗಳನ್ನು ಕೆಳಗಿನ ಅಜ್ಜಿ ಒಯ್ದು ತನ್ನ ಹೊಲಕ್ಕೆ ಊರಿದಳು, ಅವಳಿಂದ ಆಚೆಯವರು ಒಯ್ದರು. ಯಾರು ಕೊಟ್ಟದ್ದು ಎಂದು ಕೇಳಿದವರಿಗೆಲ್ಲ ಅಜ್ಜಿ "ಡ್ರೈವರಪ್ಪನ ಕೋಲು" ಎನ್ನುತ್ತಿದ್ದಳು. ನಾನು ತಿದ್ದುವುದಕ್ಕೆ ಹೋಗಲಿಲ್ಲ. ಮರಕ್ಕೆ ಸುತ್ತಿದ್ದ ಅವನ ಗಂಟುಗಳನ್ನೂ ಬೇಕೆಂದೇ ಮುಟ್ಟಲಿಲ್ಲ. ನೆಟ್ಟವನು ಅವನೇ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ಅದೊಂದೇ.

ಹೇಗೋ ಸುದ್ದಿ ಅತ್ತಿಗೆಗೆ ಮುಟ್ಟಿತು. ಲಾರಿಯ ಬಾಗಿಲು ಬಡಿದ ಸದ್ದಿನಲ್ಲೇ ಅಣ್ಣನ ಕೋಪ ಗೊತ್ತಾಯಿತು. ಕೈಯಲ್ಲಿ ಕೊಡಲಿ ಇತ್ತು.

"ಮರ ನೆಡಬೇಡ ಅಂದಿದ್ನೋ ಇಲ್ವೋ?"

"ಅಂದಿದ್ದೆ."

"ಮತ್ತೆ ಇದೇನು?"

"ನೀನು ಹಾಕಿದ ಬೇಲಿ."

"ಮಳ್ಳಿ ಮಳ್ಳಿ, ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದಳಂತೆ" ಎನ್ನುತ್ತ ನಡುಸಾಲಿನ ಮೊದಲ ಮರಕ್ಕೆ ಹೋದ. ಅಡ್ಡಕೋಲು ಕಳಚಲು ಹಗ್ಗಕ್ಕೆ ಕೈ ಹಾಕಿದ. ಹಗ್ಗ ತೊಗಟೆಯೊಳಗೆ ಹೂತು ಹೋಗಿತ್ತು, ಗಂಟು ಮಾತ್ರ ಹೊರಗಿತ್ತು. ಹೆಬ್ಬೆರಳಿನಿಂದ ಅದನ್ನು ಸವರಿದ.

"ಇದು ನನ್ನ ಗಂಟು."

"ಇನ್ಯಾರದು? ನೆಟ್ಟವನು ನೀನು. ಮರ ನಿನ್ನವು, ಸೊಪ್ಪು ಮಾತ್ರ ನನಗಿರಲಿ. ಅದೂ ಆಗಲ್ಲ ಅಂದ್ರೆ ನನ್ನನ್ನ ಎಬ್ಬಿಸು, ಹೋಗ್ತೀನಿ. ಇವನ್ನ ಕಡೀಬೇಡ ಅಣ್ಣ, ಮಣ್ಣು ಮತ್ತೆ ಹೋಗತ್ತೆ."

ಇಷ್ಟು ಹೇಳುವಷ್ಟರಲ್ಲಿ ಅಪ್ಪ ಕೊಟ್ಟ ಬಾಯಿ ಅವತ್ತು ಮೊದಲ ಸಲ ಕೈಕೊಟ್ಟಿತು.

ಅಣ್ಣ ಹಿಮ್ಮಡಿಯಿಂದ ನೆಲ ಕೆದಕಿದ. ಹಿಮ್ಮಡಿ ಒಳಗಿಳಿಯಿತು.

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಊರ್ತಿದ್ದೆಯಾ?"

"ಇಲ್ಲ" ಎಂದ. ಕೊಡಲಿಯನ್ನು ಬದುವಿನ ಮೇಲೆ ಒರಗಿಸಿ ಜೇಬಿನಿಂದ ಚಾಕು ತೆಗೆದ. ತೊಗಟೆಗೆ ಗಾಯವಾಗದಂತೆ ಹಗ್ಗವನ್ನು ಎತ್ತಿ ಎತ್ತಿ ಕೊಯ್ದ. "ಮರದ ಕುತ್ತಿಗೆ ಬಿಗಿದಿದೆ, ನೋಡಬಾರದಾ? ಹೀಗೇ ಬಿಟ್ಟಿದ್ರೆ ಒಣಗಿ ಹೋಗ್ತಿದ್ವು" ಎಂದು ನನಗೇ ಗದರಿದ. ಒಂದು ಮರವಾದ ಮೇಲೆ ಇನ್ನೊಂದಕ್ಕೆ ಹೋದ. ಕೊಯ್ದ ಗಂಟುಗಳನ್ನು ಜೇಬಿಗೆ ತುಂಬಿಕೊಳ್ಳುತ್ತ ಸಾಲು ಪೂರ್ತಿ ಮುಗಿಸಿದ. ತನ್ನ ಗುರುತನ್ನು ತಾನೇ ತೆಗೆಯುತ್ತಿದ್ದಾನೆಂದು ಅವನಿಗೆ ಗೊತ್ತಿತ್ತು. ನಾನು ಹಿಂದೆ ಹಿಂದೆ ನಡೆದೆ.

"ಅತ್ತಿಗೆಗೆ ಏನ್ ಹೇಳ್ತೀಯ?"

"ಬೇಲಿ ಹಾಕಿದ್ದೆ, ಚಿಗುರಿಬಿಡ್ತು ಅಂತೀನಿ."

ಲಾರಿ ಹತ್ತಿದವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಇನ್ಮೇಲೆ ನೆಡೋದಾದ್ರೆ ಬೇರಿರೋ ಗಿಡಾನೇ ನೆಡು. ಕೋಲು ಊರಿದ್ದು ಸಾಕು."